ಡಬ್ಬಿಯ ತಳದ ತಾರೀಕು

ಹೋದ ವರ್ಷ ಉಡುಪಿಯಲ್ಲಿ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ನನ್ನ ಹಳೆಯ ಮ್ಯಾನೇಜರ್ ಪಕ್ಕಕ್ಕೆ ಬಂದು ಕೂತರು. ವಯಸ್ಸಾಗಿದೆ, ಕೋಲು ಹಿಡಿದು ನಡೆಯುತ್ತಾರೆ, ಬಾಯಿಗೆ ಮಾತ್ರ ಇನ್ನೂ ಏನೂ ಆಗಿಲ್ಲ. ನನ್ನ ಬಲಗೈ ಹಿಡಿದೆತ್ತಿ ಅಕ್ಕಪಕ್ಕದವರಿಗೆ ತೋರಿಸಿದರು. "ನೋಡಿ ಮಾರಾಯ್ರೆ, ಇದು ಚಿನ್ನದ ಕೈ. ಇಡೀ ಕುವೈತಿನಲ್ಲಿ ಇಂಥ ಕೈ ಇನ್ನೊಬ್ಬನಿಗೆ ಇರ್ಲಿಲ್ಲ." ಆಚೆ ಕೂತವರೊಬ್ಬರು, "ಎಂತ ಕೆಲಸದಲ್ಲಿದ್ರಿ?" ಎಂದು ಕೇಳಿದರು. ನಾನು ಬಾಯಿ ಬಿಡುವ ಮೊದಲೇ ಮ್ಯಾನೇಜರ್, "ಫುಡ್ ಲೈನ್, ಇಂಪೋರ್ಟ್" ಎಂದರು. ಪಂಕ್ತಿಯಲ್ಲಿ ನಡುವೆ ಏಳಬಾರದೆಂದು ನನಗೂ ಗೊತ್ತು. ಪಾಯಸ ಬರುವ ಮೊದಲೇ ಎದ್ದು ಕೈ ತೊಳೆದುಕೊಂಡು ಬಂದೆ.

ಆ ಚಿನ್ನದ ಕೈ ಏನು ಮಾಡುತ್ತಿತ್ತೆಂದು ಮನೆಯಲ್ಲಿ ಯಾರಿಗೂ ಹೇಳಿಲ್ಲ. ಹೆಂಡತಿಗೆ ಗೊತ್ತಿರುವುದು ಇಷ್ಟೇ: ನಾನು ಯುದ್ಧದಲ್ಲಿ ಸಿಕ್ಕಿಬಿದ್ದು ಬದುಕಿ ಬಂದವನು. ಬದುಕಿ ಬಂದವರನ್ನು ಯಾರೂ ಹೆಚ್ಚು ಕೇಳುವುದಿಲ್ಲ. ಅದೊಂದು ಅನುಕೂಲ.

ಕುವೈತಿಗೆ ಹೋಗುವ ಮೊದಲು ನಾನು ಊರಿನಲ್ಲಿ ಕೋರ್ಟಿನ ಹತ್ತಿರದ ಒಂದು ಗೂಡಂಗಡಿಯಲ್ಲಿ ರಬ್ಬರ್ ಸ್ಟಾಂಪು ಮಾಡುತ್ತಿದ್ದೆ. ರಬ್ಬರಿನ ಮೇಲೆ ಅಕ್ಷರವನ್ನು ಉಲ್ಟಾ ಬರೆದು ಬ್ಲೇಡಿನಿಂದ ಕೊರೆಯುವ ಕೆಲಸ. ಯಾವ ಅಕ್ಷರದ ಅಚ್ಚನ್ನಾದರೂ ತೋರಿಸಿ, ಸಂಜೆಯೊಳಗೆ ಅದರ ಅವಳಿಯನ್ನು ಕೊಡುತ್ತಿದ್ದೆ. ರಜೆಗೆ ಬಂದಿದ್ದ ಮ್ಯಾನೇಜರ್ ಒಂದು ಸ್ಟಾಂಪು ಮಾಡಿಸಲು ಬಂದವರು ನನ್ನ ಕೈಯನ್ನೇ ನೋಡುತ್ತಾ ನಿಂತರು. ಆರು ತಿಂಗಳಿಗೆ ವೀಸಾ ಬಂತು. ಕಾಗದದಲ್ಲಿ ನಾನು ಸ್ಟೋರ್ ಕೀಪರ್. ನನಗೆ ಸಿಕ್ಕಿದ್ದು ನನ್ನ ಹಳೆಯ ಕೆಲಸವೇ, ಎಸಿಯಲ್ಲಿ ಕೂತು ಮಾಡುವುದೊಂದೇ ವ್ಯತ್ಯಾಸ.

ನಮ್ಮ ಕಂಪನಿಯ ಗೋದಾಮು ಬಂದರಿನ ಹತ್ತಿರ ಇತ್ತು. ಹಾಲಿನ ಪುಡಿ, ಟೊಮೆಟೊ ಪೇಸ್ಟು, ಡಬ್ಬಿ ಮೀನು, ಚೀಸು, ಬಟಾಣಿ: ಕೆಡದೆ ಕಪಾಟಿನಲ್ಲಿ ಕೂರುವ ಸಾಮಾನೆಲ್ಲ ಹಡಗಿನಲ್ಲಿ ಬರುತ್ತಿತ್ತು. ಕುವೈತಿನ ಅಂಗಡಿಯವರು ಮೊದಲು ಡಬ್ಬಿಯನ್ನು ಮಗುಚಿ ತಳದ ತಾರೀಕು ನೋಡುತ್ತಿದ್ದರು. ನಾಲ್ಕೈದು ತಿಂಗಳಷ್ಟೇ ಉಳಿದಿದ್ದರೆ ಬೇಡ ಎನ್ನುತ್ತಿದ್ದರು. ಹಾಗೆ ಉಳಿದದ್ದನ್ನು, ಅವಧಿಯೇ ಮುಗಿದದ್ದನ್ನು ಕೂಡ, ನಾವು ಒಂದು ಹಿಂದಿನ ಕೋಣೆಯಲ್ಲಿ ಪೇರಿಸುತ್ತಿದ್ದೆವು. ಅದು ಹೋಗುತ್ತಿದ್ದದ್ದು ಬಹಳ ದೂರದ ಒಂದು ದೇಶಕ್ಕೆ. ಆ ದೇಶಕ್ಕೆ ಕಡಲಿಲ್ಲ. ಅಲ್ಲಿಯೂ ವರ್ಷಗಟ್ಟಲೆ ಯುದ್ಧ. ಎರಡು ಗಡಿ ದಾಟಿ, ಬೆಟ್ಟ ಹತ್ತಿ ಲಾರಿಯಲ್ಲಿ ಹೋಗಬೇಕು. ಗೋದಾಮಿನಲ್ಲಿ ನಾವು ಅದನ್ನು 'ಮೇಲಿನ ಊರು' ಎನ್ನುತ್ತಿದ್ದೆವು. ಈಗಲೂ ಹಾಗೆಯೇ ಕರೆಯುತ್ತೇನೆ, ಹೆಸರು ಹೇಳುವ ಮುಖ ನನಗಿಲ್ಲ.

ನಾನು ಕಡಲ ಬದಿಯಲ್ಲಿ ಹುಟ್ಟಿದವನು. ಕಡಲಿಲ್ಲದ ಊರೆಂದರೆ ಏನೆಂದು ನನಗೆ ಮ್ಯಾನೇಜರ್ ಹೇಳಿದ್ದೇ ವೇದವಾಕ್ಯ. "ಅವರಿಗೆ ಆಯ್ಕೆ ಎಲ್ಲಿಂಟು? ನಾವು ಕಳಿಸಿದ್ದನ್ನು ತಿನ್ಬೇಕು. ಗಡಿಯ ಕಚೇರಿಯವನಿಗೆ ಬೇಕಾದದ್ದು ತಾರೀಕು, ಹಾಲಲ್ಲ."

ಆ ತಾರೀಕು ಹಾಕುವುದು ನನ್ನ ಕೆಲಸ. ಹತ್ತಿಯನ್ನು ಥಿನ್ನರಿನಲ್ಲಿ ಅದ್ದಿ ಹಳೆಯದನ್ನು ಒರೆಸುವುದು. ಒರೆಸಿದ ಜಾಗ ಫಳಫಳ ಹೊಳೆಯುತ್ತದೆ, ಅಲ್ಲೇ ಕಳ್ಳ ಸಿಕ್ಕಿಬೀಳುವುದು. ಅದಕ್ಕೆ ಸ್ವಲ್ಪ ಟಾಲ್ಕಂ ಪೌಡರ್ ಸವರಿ ಹೊಳಪು ಕೊಲ್ಲುತ್ತಿದ್ದೆ. ಒಂದು ಅಂಕಿ ಮಾತ್ರ ಬದಲಿಸುವವರು ದಡ್ಡರು. ನಾನು ಇಡೀ ಸಾಲನ್ನು ಹೊಸದಾಗಿ ಒತ್ತುತ್ತಿದ್ದೆ. ಆಯಾ ಕಾರ್ಖಾನೆಯ ಅಂಕಿಗಳ ಹಾಗೆಯೇ ರಬ್ಬರ್ ಕೊರೆದು, ಆ ಶಾಯಿಯಂತೆಯೇ ಶಾಯಿ ಕಲಸಿ. ಹಿಂದೆ ನಿಂತು ನೋಡುತ್ತಿದ್ದ ಮ್ಯಾನೇಜರ್, "ಎಂಥಾ ಕೈಗುಣ ಮಾರಾಯ ನಿಂದು" ಎನ್ನುತ್ತಿದ್ದರು. ಊರಿನಲ್ಲಿ ಕೈಗುಣ ಎನ್ನುವುದು ವೈದ್ಯರಿಗೆ. ನನಗೆ ಅದು ಆಗ ಹೊಳೆಯಲಿಲ್ಲ, ಖುಷಿಯಾಗಿತ್ತು.

ಒಂದು ಮಾತು ಹೇಳಲೇಬೇಕು. ಮೊದಮೊದಲು ನಾನು ತಿದ್ದಿದ ಪ್ರತಿ ಡಬ್ಬಿಗೂ ತಿಂಗಳ ಅಂಕಿಯ ಪಕ್ಕ ಸಾಸಿವೆಗಿಂತ ಸಣ್ಣ ಒಂದು ಚುಕ್ಕೆ ಬೀಳುವ ಹಾಗೆ ರಬ್ಬರ್ ಕೊರೆದಿದ್ದೆ. ಯಾಕೆಂದು ಕೇಳಿದರೆ ಗೊತ್ತಿಲ್ಲ. ಯಾವುದು ತಿದ್ದಿದ್ದು, ಯಾವುದು ಅಲ್ಲ ಎಂದು ಲೋಕದಲ್ಲಿ ಒಬ್ಬನಿಗಾದರೂ ಗೊತ್ತಿರಲಿ ಎಂದಿರಬೇಕು. ಮೂರನೆಯ ಲೋಡಿನ ಹೊತ್ತಿಗೆ ಮೇಲಿನ ಊರಿನ ಏಜೆಂಟ್ ಬಂದವನು ಎರಡು ಡಬ್ಬಿ ಪಕ್ಕಪಕ್ಕ ಹಿಡಿದು, ಇದಕ್ಕೆ ಚುಕ್ಕೆ ಇದೆ, ಅದಕ್ಕೆ ಯಾಕಿಲ್ಲ ಎಂದು ಕೇಳಿದ. ಮ್ಯಾನೇಜರ್ ಏನೋ ಸಬೂಬು ಹೇಳಿ ಕಳಿಸಿ, ನನ್ನನ್ನು ಕರೆದು ನಾಯಿಗೆ ಬೈದ ಹಾಗೆ ಬೈದರು. ನನಗೆ ಅವಮಾನವಾದದ್ದು ಬೈಗುಳಕ್ಕಲ್ಲ, ನನ್ನ ಕೆಲಸದಲ್ಲಿ ಒಬ್ಬ ಹುಳುಕು ಹಿಡಿದನಲ್ಲ ಎಂದು. ಆ ವಾರವೇ ಎಲ್ಲ ಅಂಕಿಗಳನ್ನೂ ಹೊಸದಾಗಿ ಕೊರೆದೆ. ಚುಕ್ಕೆ ಹೋಯಿತು. ಆಮೇಲೆ ತಿದ್ದಿದ ಡಬ್ಬಿಯನ್ನೂ ತಿದ್ದದ ಡಬ್ಬಿಯನ್ನೂ ಎದುರಿಗಿಟ್ಟರೆ ನನಗೇ ಗುರುತು ಸಿಗುತ್ತಿರಲಿಲ್ಲ. ಅದನ್ನು ಹೆಮ್ಮೆ ಎಂದುಕೊಂಡಿದ್ದೆ.

ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೇನೆ ಬಂತು. ಕಫೀಲ್, ಅಂದರೆ ಕಂಪನಿಯ ಕುವೈತಿ ಧಣಿ, ಸೆಕೆಗಾಲ ಕಳೆಯಲು ಯುರೋಪಿಗೆ ಹೋಗಿದ್ದ. ಮ್ಯಾನೇಜರ್ ರಜೆಯಲ್ಲಿ ಊರಿಗೆ ಹೋಗಿದ್ದರು. ಇಂಥವರ ರಜೆ ಯಾವಾಗಲೂ ಸರಿಯಾದ ಹೊತ್ತಿಗೇ ಬರುತ್ತದೆ. ಗೋದಾಮಿನ ಕೀಲಿ ನನ್ನ ಹತ್ತಿರ ಉಳಿಯಿತು. ಮೂರನೆಯ ದಿನ ನಾನೂ ಕಂಪನಿಯ ಡ್ರೈವರನೂ ಜೀವ ಕೈಯಲ್ಲಿ ಹಿಡಿದುಕೊಂಡು ಹೋಗಿ ವ್ಯಾನಿನಲ್ಲಿ ಹಿಡಿಸಿದಷ್ಟು ತುಂಬಿದೆವು. ಮುಂದಿನ ಬಾಗಿಲಲ್ಲಿ ಸೈನಿಕರ ಲಾರಿಗಳು ನಿಂತು ಸಾಮಾನು ಎತ್ತುತ್ತಿದ್ದವು. ನಮಗೆ ಸಿಕ್ಕಿದ್ದು ಹಿಂದಿನ ಕೋಣೆ ಮಾತ್ರ. ಡ್ರೈವರ್ ಅರ್ಧ ತನ್ನ ಜನರಿಗೆ ಒಯ್ದ. ಅಬ್ಬಾಸಿಯಾದಲ್ಲಿದ್ದ ನನ್ನ ಕೋಣೆಗೆ ಬಂದದ್ದು ಒಂಬತ್ತು ಪೆಟ್ಟಿಗೆ ಹಾಲಿನ ಪುಡಿ, ಸ್ವಲ್ಪ ಬಟಾಣಿ.

ಆಮೇಲೆ ಬಂದರಿಗೆ ಹಡಗು ಬರುವುದು ನಿಂತಿತು. ಕಡಲು ಇದ್ದಲ್ಲೇ ಇತ್ತು. ಅದರಿಂದ ಒಂದು ಬಿಸ್ಕತ್ತಿನ ಪೊಟ್ಟಣವೂ ಇಳಿಯುತ್ತಿರಲಿಲ್ಲ. ಅಂಗಡಿಗಳ ಕಪಾಟು ಒಂದೊಂದೇ ಬರಿದಾಯಿತು. ಖುಬ್ಬೂಸ್ ರೊಟ್ಟಿಗೆ ಬೆಳಗಾಗುವ ಮೊದಲೇ ಕ್ಯೂ. ನಾವೂ ಈಗ ಮೇಲಿನ ಊರಿನವರಾದೆವು ಎಂದು ನನಗೆ ಅನಿಸಿದ್ದು ಆ ಕ್ಯೂನಲ್ಲಿ ನಿಂತಾಗ. ಅನಿಸಿತು ಅಷ್ಟೆ, ಅದರಿಂದ ನನ್ನಲ್ಲಿ ಏನೂ ಬದಲಾಗಲಿಲ್ಲ.

ನನ್ನ ಜೊತೆ ಕೋಣೆಯಲ್ಲಿದ್ದ ನಾಲ್ವರು ಸಿಕ್ಕ ಗಾಡಿ ಹತ್ತಿ ಹೋದರು. ಎದುರಿನ ಫ್ಲಾಟಿಗೆ ಮೈಸೂರಿನ ಕಡೆಯ ಒಂದು ಸಂಸಾರ ಬಂದಿತು. ಗಂಡ ಇಂಜಿನಿಯರ್. ಸಾಲ್ಮಿಯಾದಲ್ಲಿ ಕಡಲಿಗೆ ಮುಖ ಮಾಡಿದ ದೊಡ್ಡ ಫ್ಲಾಟಿನಲ್ಲಿದ್ದವರು. ಆ ಬೀದಿಯ ತುಂಬ ಸೈನಿಕರು ಬಂದು ಕೂತದ್ದರಿಂದ ಪರಿಚಯದವರು ಖಾಲಿ ಮಾಡಿದ್ದ ಈ ಎರಡು ಕೋಣೆಗೆ ಓಡಿ ಬಂದಿದ್ದರು. ಹೆಂಡತಿ ಪದವಿ ಓದಿದ ಹೆಂಗಸು, ಮಾತು ಕಡಿಮೆ. ಐದು ತಿಂಗಳ ಹೆಣ್ಣುಮಗು. ಮೊದಲ ವಾರದ ಗುಂಡಿನ ಸದ್ದಿಗೆ, ನಿದ್ದೆಗೆಟ್ಟದ್ದಕ್ಕೆ, ತಾಯಿಯ ಎದೆಹಾಲು ಬತ್ತಿಹೋಗಿತ್ತು.

ಗಂಡ ಒಂದು ಮಧ್ಯಾಹ್ನ ನನ್ನ ಬಾಗಿಲು ತಟ್ಟಿ, "ನಿಮ್ಮತ್ರ ಹಾಲಿನ ಪುಡಿ ಇದೆ ಅಂತ ಕೆಳಗಡೆ ಹೇಳಿದ್ರು" ಎಂದರು. ಆ ಮನುಷ್ಯ ಹಿಂದಿನ ತಿಂಗಳಾದರೆ ನನ್ನಂಥವನ ಹತ್ತಿರ ಕಣ್ಣೆತ್ತಿ ಮಾತಾಡುತ್ತಿರಲಿಲ್ಲ. ನನಗೆ ಒಳಗೊಳಗೇ ದೊಡ್ಡಸ್ತಿಕೆ ಬಂತು. ನಾಲ್ಕು ಡಬ್ಬಿ ತೆಗೆದು ನಾನೇ ಹೊತ್ತುಕೊಂಡು ಹೋದೆ.

ಹೆಂಗಸು ಡಬ್ಬಿ ಇಸಿದುಕೊಂಡು ತಳ ಮಗುಚಿ ನೋಡಿದರು. ಆಮೇಲೆ ನನ್ನ ಕೈಗೇ ಕೊಟ್ಟರು. "ಅಣ್ಣ, ನೀವು ಇದರಲ್ಲೇ ಕೆಲಸ ಮಾಡೋರಂತೆ. ಒಂದ್ಸಲ ಡೇಟ್ ನೀವೇ ನೋಡ್ಬಿಡಿ. ಮಗೂಗೆ ಅಲ್ವಾ."

ನೋಡಿದೆ. ತೊಂಬತ್ತೊಂದು, ಜುಲೈ. ಕಿಟಕಿಯ ಬೆಳಕಿಗೆ ಹಿಡಿದೆ, ಓರೆ ಮಾಡಿದೆ, ಹೆಬ್ಬೆರಳಿನಿಂದ ಸವರಿದೆ. ಹಿಂದಿನ ಕೋಣೆಯಲ್ಲಿ ಎರಡೂ ಬಗೆಯವು ಇದ್ದವು, ಒಂದೇ ಪೆಟ್ಟಿಗೆಯಲ್ಲಿ ಕೂಡ. ಇದು ಕಾರ್ಖಾನೆಯ ತಾರೀಕೋ ನನ್ನ ತಾರೀಕೋ ಹೇಳಲು ಸಾಧ್ಯವೇ ಇರಲಿಲ್ಲ.

"ಅಡ್ಡಿಯಿಲ್ಲ ಅಕ್ಕ, ಒಳ್ಳೆಯದುಂಟು" ಎಂದೆ.

ಮೊದಲ ಡಬ್ಬಿ ಏನೂ ಮಾಡಲಿಲ್ಲ. ಎರಡನೆಯದು ತೆರೆದ ಮರುದಿನ ಮಗುವಿಗೆ ಭೇದಿ ಶುರುವಾಯಿತು. ಗೋಡೆಯಾಚೆ ಅಳು ಕೇಳುತ್ತಿತ್ತು, ಮೊದಲು ಜೋರಾಗಿ, ಆಮೇಲೆ ಸೊರಗಿ. ಆಸ್ಪತ್ರೆಗಳಲ್ಲಿ ಡಾಕ್ಟರು ಸಿಗುತ್ತಿರಲಿಲ್ಲ. ಕೆಳಗಿನ ಮಹಡಿಯ ಕೇರಳದ ನರ್ಸಮ್ಮ ಬಂದು ಉಪ್ಪು ಸಕ್ಕರೆ ನೀರು ಕುಡಿಸಲು ಹೇಳಿ ಹೋದರು. ತಾಯಿ ನೀರಿನ ಮೇಲೆ ಅನುಮಾನ ಪಟ್ಟರು. ಟ್ಯಾಂಕರಿನ ನೀರು, ಮೂರು ಸಲ ಕುದಿಸಿದರು. ಬಾಟಲಿಯ ನಿಪ್ಪಲನ್ನು ಅರ್ಧ ಗಂಟೆ ಬೇಯಿಸಿದರು. ನೀರು ತಂದ ಬಕೆಟ್ಟು ತೊಳೆಯಲಿಲ್ಲವೆಂದು ಗಂಡನ ಮೇಲೆ ಹರಿಹಾಯ್ದರು. ಮೂರನೆಯ ದಿನ ನಾನು ಹೋದಾಗ ಅಡುಗೆಮನೆಯ ನೆಲದ ಮೇಲೆ ಕೂತಿದ್ದರು. "ನನ್ನದೇ ತಪ್ಪು ಅಣ್ಣ. ಕೈ ಸರಿಯಾಗಿ ತೊಳೀಲಿಲ್ಲ ಅನ್ಸುತ್ತೆ" ಎಂದು ತಮ್ಮ ಅಂಗೈಗಳನ್ನು ನನಗೆ ತೋರಿಸಿದರು. ಸೋಪಿನಿಂದ ಉಜ್ಜಿ ಉಜ್ಜಿ ಸಿಪ್ಪೆ ಎದ್ದಿದ್ದವು.

ಆ ಕೈ ನೋಡಿ ನನಗೆ ತಡೆಯಲಾಗಲಿಲ್ಲ. ನಿಂತಲ್ಲೇ ಎಲ್ಲ ಹೇಳಿದೆ. ಥಿನ್ನರು, ಪೌಡರು, ರಬ್ಬರು, ಚುಕ್ಕೆ ಇಟ್ಟದ್ದು, ಚುಕ್ಕೆ ತೆಗೆದದ್ದು. ನನಗೇ ಗುರುತು ಸಿಗುವುದಿಲ್ಲ ಅಕ್ಕ ಎಂದೆ. ಇವು ಇಲ್ಲಿಯ ಜನಕ್ಕೆ ಮಾಡಿದ್ದಲ್ಲ, ಮೇಲಿನ ಊರಿಗೆ ಕಳಿಸುವುದಕ್ಕೆ ಮಾಡಿದ್ದು ಎಂದೂ ಹೇಳಿದೆ. ಅದರಿಂದ ತಪ್ಪು ಕಮ್ಮಿಯಾಗುತ್ತದೆ ಎಂದುಕೊಂಡಿದ್ದೆನೋ ಏನೋ. ಇಂದಿಗೂ ಆ ಮಾತು ನೆನಪಾದರೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಅವರು ಕೈ ಕೆಳಗಿಳಿಸಿದರು. ನನ್ನ ಮುಖ ನೋಡಿದರು.

"ಯಾಕೆ, ಅಲ್ಲಿ ಮಕ್ಕಳಿಲ್ವಾ?"

ಎರಡು ವರ್ಷ ನಾನು ಸಾವಿರಾರು ಹಾಲಿನ ಡಬ್ಬಿಗಳ ತಳ ನೋಡಿದ್ದೆ. ಮುಂದಿನ ಕಾಗದದ ಮೇಲೆ ನಗುವ ಮಗುವಿನ ಚಿತ್ರವೇ ಇತ್ತು. ಹಾಲು ಕುಡಿಯುವುದು ಯಾರು ಎಂದು ಒಂದು ದಿನವೂ ನನ್ನ ತಲೆಗೆ ಬಂದಿರಲಿಲ್ಲ. ತಳ ಮೇಲೆ ಮಾಡಿ ಇಟ್ಟ ಡಬ್ಬಿಯಲ್ಲಿ ಚಿತ್ರ ತಲೆಕೆಳಗಾಗಿರುತ್ತದೆ.

ಸಾಯಂಕಾಲ ಗಂಡ ಕರೆಯಲು ಬಂದರು. ಹೊಡೆಯುತ್ತಾರೆ ಎಂದುಕೊಂಡು ಹೋದೆ, ಹೊಡೆದಿದ್ದರೆ ಒಳ್ಳೆಯದಿತ್ತು. ಎರಡನೆಯ ಡಬ್ಬಿಯನ್ನು ಸಿಂಕಿಗೆ ಸುರಿದಾಗಿತ್ತು. ಮೂರನೆಯದರ ಮುಚ್ಚಳ ತೆಗೆದು, ಒಂದು ಸ್ಟೀಲ್ ಲೋಟದಲ್ಲಿ ಹಾಲು ಕಲಸಿ ಇಟ್ಟಿದ್ದರು ಆ ಹೆಂಗಸು.

"ಕುಡೀರಿ" ಎಂದರು. "ಎರಡು ಗಂಟೆ ಇಲ್ಲೇ ಕೂತಿರಿ. ನಿಮಗೇನೂ ಆಗ್ಲಿಲ್ಲ ಅಂದ್ರೆ ಮಗೂಗೆ ಕೊಡ್ತೀನಿ. ಬೇರೆ ಹಾಲು ಇಲ್ಲ, ಏನ್ಮಾಡ್ಲಿ."

ಗಂಡ, "ಅದು ಹಾಗೆ ಗೊತ್ತಾಗಲ್ಲ ಕಣೇ, ದೊಡ್ಡವರ ಹೊಟ್ಟೆ ಬೇರೆ" ಎಂದು ಮೆಲ್ಲಗೆ ಹೇಳಿದರು. ಅವರ ಮಾತು ನಿಜ. ಆಕೆ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ಕುಡಿದೆ.

ಅಲ್ಲಿಂದ ಅದೇ ಕ್ರಮವಾಯಿತು. ಹಳೆಯ ಡಬ್ಬಿ ಮುಗಿಯುವ ಮೊದಲೇ ಹೊಸದು ತೆರೆದು ನನಗೆ ಕರೆ ಬರುತ್ತಿತ್ತು. ಹಜಾರದ ಒಂದು ಪ್ಲಾಸ್ಟಿಕ್ ಕುರ್ಚಿ ನನ್ನದು. ಎದುರಿನ ಗೋಡೆಯಲ್ಲಿ ಗಡಿಯಾರ. ಅಣ್ಣ ಎನ್ನುವುದನ್ನು ಅವರು ಅವತ್ತೇ ನಿಲ್ಲಿಸಿದ್ದರು, 'ಕೂತ್ಕೊಳಿ', 'ಕುಡೀರಿ', 'ಆಯ್ತು, ಹೋಗಿ', ಇಷ್ಟೇ. ಒಂದು ಡಬ್ಬಿಯ ಪುಡಿಗೆ ಹಳೆಯ ಎಣ್ಣೆಯ ಕಮಟು ವಾಸನೆ ಇತ್ತು, ಲೋಟ ಮೂಗಿನ ಹತ್ತಿರ ಬಂದ ಕೂಡಲೇ ಬೇಡ ಎಂದೆ. ಇನ್ನೊಂದಕ್ಕೆ ವಾಸನೆ ಇರಲಿಲ್ಲ, ರುಚಿಯೂ ಸರಿಯಿತ್ತು. ಕುಡಿದು ಒಂದೂವರೆ ಗಂಟೆಗೆ ಹೊಟ್ಟೆ ಹಿಂಡಿ ಬಂದು ಅವರ ಬಚ್ಚಲಿನಲ್ಲಿಯೇ ವಾಂತಿ ಮಾಡಿಕೊಂಡೆ. ಹೊರಗೆ ಬರುವಷ್ಟರಲ್ಲಿ ಆಕೆ ಡಬ್ಬಿಯನ್ನು ಸುರಿದು ಸಿಂಕು ತೊಳೆಯುತ್ತಿದ್ದರು. ನನಗೊಂದು ಲೋಟ ನೀರು ಕೊಡಲಿಲ್ಲ. ನನಗೆ ಅವರ ಮೇಲೆ ಸಿಟ್ಟು ಬಂತು, ನಿಜ ಹೇಳುತ್ತೇನೆ. ಕೋಣೆಗೆ ಬಂದು ಮಲಗಿದೆ. ಆಗ ಹೊಳೆಯಿತು: ಈ ಡಬ್ಬಿ ಮೇಲಿನ ಊರಿಗೆ ಹೋಗಿದ್ದರೆ? ಹೀಗೇ ಹೋದವು ಎಷ್ಟೋ. ಅಲ್ಲಿ ಎದುರಿನ ಕುರ್ಚಿಯಲ್ಲಿ ಕೂತು ಮೊದಲು ಕುಡಿದವರು ಯಾರು? ಯಾರೂ ಇಲ್ಲ. ಬಾಟಲಿ ನೇರ ಬಾಯಿಗೆ ಹೋಗಿದೆ. ಹೊಟ್ಟೆನೋವು ಸಂಜೆಗೆ ಇಳಿಯಿತು, ಆ ಯೋಚನೆ ಇಳಿಯಲಿಲ್ಲ.

ಮಗು ಮೆಲ್ಲಗೆ ಚೇತರಿಸಿಕೊಂಡಿತು. ಬಾಗಿಲ ಸಂದಿಯಿಂದ ನನ್ನನ್ನು ನೋಡಿ ಬೊಚ್ಚುಬಾಯಿ ಬಿಡುತ್ತಿತ್ತು. ಎತ್ತಿಕೊಳ್ಳಬೇಕು ಅನಿಸುತ್ತಿತ್ತು. ಯಾರೂ ಎತ್ತಿಕೊಡಲಿಲ್ಲ, ನಾನೂ ಕೇಳಲಿಲ್ಲ.

ಸೆಪ್ಟೆಂಬರಿನ ಕೊನೆಗೆ ನಮ್ಮ ಹೆಸರು ಬಸ್ಸಿನ ಪಟ್ಟಿಗೆ ಬಂತು. ಬಸ್ರಾ, ಬಾಗ್ದಾದ್ ದಾಟಿ ಜೋರ್ಡಾನಿಗೆ, ಅಲ್ಲಿಂದ ವಿಮಾನ. ಒಂದೇ ಬಸ್ಸಿನಲ್ಲಿ ಅವರು ಮುಂದೆ, ನಾನು ಹಿಂದೆ. ದಾರಿಗೆಂದು ಪರೀಕ್ಷೆ ಮಾಡಿದ ಡಬ್ಬಿಯೊಂದೇ ಅವರ ಚೀಲದಲ್ಲಿತ್ತು. ಉಳಿದ ಪೆಟ್ಟಿಗೆಗಳಲ್ಲಿದ್ದ ಡಬ್ಬಿಗಳನ್ನು ನಾನು ಹೊರಡುವ ಮುನ್ನಾದಿನ ಚೂರಿಯಿಂದ ಒಂದೊಂದಾಗಿ ತೂತು ಮಾಡಿ ಕಸಕ್ಕೆ ಹಾಕಿದೆ. ಹಸಿದ ಊರಿನಲ್ಲಿ ಹಾಲು ಚೆಲ್ಲುವುದನ್ನು ನೋಡಿದವರು ನನ್ನನ್ನು ಹುಚ್ಚ ಎಂದರು. ಅವುಗಳಲ್ಲಿ ಅರ್ಧದಷ್ಟಾದರೂ ಒಳ್ಳೆಯ ಹಾಲೇ ಇದ್ದಿರಬೇಕು. ಯಾವ ಅರ್ಧ ಎಂದು ಗೊತ್ತಿರಬೇಕಾದವನು ನಾನೊಬ್ಬನೇ, ನನಗೂ ಗೊತ್ತಿರಲಿಲ್ಲ.

ಗಡಿಯಲ್ಲಿ ಮರಳಿನ ನಡುವೆ ಡೇರೆಗಳ ಸಾಲು. ಅಲ್ಲಿ ಎಷ್ಟು ದಿನ ಕಾಯಬೇಕೆಂದು ಯಾರಿಗೂ ತಿಳಿಯದು. ನೀರಿಗೆ ಕ್ಯೂ, ರೊಟ್ಟಿಗೆ ಕ್ಯೂ, ಕಕ್ಕಸಿಗೆ ಕ್ಯೂ. ಎರಡನೆಯ ದಿನಕ್ಕೆ ಅವರ ಡಬ್ಬಿ ಬರಿದಾಯಿತು. ಮೂರನೆಯ ದಿನ ಬೆಳಿಗ್ಗೆ ಪರಿಹಾರದ ಲಾರಿ ಬಂದು ಮಕ್ಕಳಿರುವವರಿಗೆ ಹಾಲಿನ ಪುಡಿ ಹಂಚಿತು. ಯಾವುದೋ ದೇಶದ ದಾನ, ಓದಲಾಗದ ಅಕ್ಷರದ ಡಬ್ಬಿ. ಅವರು ಇಸಿದುಕೊಂಡದ್ದನ್ನು ದೂರದಿಂದ ನೋಡಿ ನನ್ನ ಎದೆಯ ಭಾರ ಇಳಿಯಿತು. ಇನ್ನು ನನ್ನ ಕೆಲಸ ಖಲಾಸ್, ಆ ಮಗು ನನ್ನ ಕೈಯಿಂದ ಪಾರಾಯಿತು ಎಂದುಕೊಂಡೆ.

ಸ್ವಲ್ಪ ಹೊತ್ತಿಗೆ ಆಕೆ ಡೇರೆಗಳ ನಡುವೆ ಹುಡುಕುತ್ತಾ ಬಂದರು. ಸೊಂಟದಲ್ಲಿ ಅಳುವ ಮಗು, ಕೈಯಲ್ಲಿ ಅದೇ ಸ್ಟೀಲ್ ಲೋಟ. ನನ್ನ ಮುಂದೆ ನಿಂತು ಲೋಟ ನೀಡಿದರು.

ನಾನು ಎದ್ದು ನಿಂತೆ. "ಅಕ್ಕ, ಇದು ನನ್ನದಲ್ಲ. ದೇವರಾಣೆಗೂ ಇದನ್ನು ನಾನು ಮುಟ್ಟಲಿಲ್ಲ. ಮಗು ಹಸಿದುಕೊಂಡುಂಟು, ಮೊದಲು ಅದಕ್ಕೆ ಕೊಡಿ."

"ನೀವು ಮುಟ್ಟಿಲ್ಲ ಅಂತ ಗೊತ್ತು" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ನಾವೂ ಈಗ ಆ ಮೇಲಿನ ಊರಿನವರ ಥರಾನೇ ಅಲ್ವಾ, ಬಂದಿದ್ದನ್ನ ತಿನ್ನೋರು. ನಿಮ್ಮಂಥೋರು ಎಲ್ಲಾ ಊರಲ್ಲೂ ಇರ್ತಾರೆ. ಕುಡೀರಿ."

ಕುಡಿದೆ. ಒಳ್ಳೆಯ ಹಾಲು, ಸಿಹಿಯಾಗಿತ್ತು. ಆಕೆ ನನ್ನ ಎದುರಿಗೇ ಮರಳಿನ ಮೇಲೆ ಕೂತು, ಸೆರಗಿನ ತುದಿಯನ್ನು ಸಕ್ಕರೆ ನೀರಿನಲ್ಲಿ ಅದ್ದಿ ಮಗುವಿನ ಬಾಯಿಗಿಟ್ಟರು. ಗಡಿಯಾರ ಇರಲಿಲ್ಲ. ಡೇರೆಯ ನೆರಳು ನನ್ನ ಕಾಲಿನಿಂದ ಸರಿದು ಅವರ ಕಾಲಿನವರೆಗೆ ಹೋಗುವ ತನಕ ನಾವು ಹಾಗೆಯೇ ಕೂತಿದ್ದೆವು. ಅಷ್ಟು ಹೊತ್ತೂ ಮಗು ಅಳುತ್ತಿತ್ತು, ಅಷ್ಟು ಹೊತ್ತೂ ಆಕೆ ನನ್ನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಎದ್ದು ಹೋಗಿ ಅದಕ್ಕೆ ಹಾಲು ಕುಡಿಸಿದರು.